ಕಡೇ ವಾಯ್ದೆ

ಕೊರೊನಾ ಮುಗಿದು ಕೋರ್ಟುಗಳಲ್ಲಿ ಮೊದಲಿನಂತೆ ಜನ ತುಂಬಿದ ವರ್ಷ ಅದು. ಆಗ ನಾನು ಮಧುಗಿರಿಯಲ್ಲಿ ಸಿವಿಲ್ ವಕೀಲ. ಈಗಲೂ ವಕೀಲನೇ, ಆದರೆ ಇತ್ತೀಚೆಗೆ ಕೋರ್ಟಿಗೆ ಹೋಗುವುದು ಕೇಸಿಗಿಂತ ಹೆಚ್ಚಾಗಿ ವಕೀಲರ ಬಾರ್ ರೂಮಿನ ಹರಟೆಗೆ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ, ಈ ನಾಲ್ಕೂ ತಾಲ್ಲೂಕಿನ ಜಮೀನು ವ್ಯಾಜ್ಯಗಳು ನನ್ನ ಕೈಯಲ್ಲಿ ಹಾದುಹೋಗಿವೆ. ಅಣ್ಣತಮ್ಮಂದಿರ ಭಾಗ, ಬದುವಿನ ಜಗಳ, ಬಂಡಿದಾರಿಯ ತಕರಾರು. ಟೆಲಿಫೋನ್ ಕಾನೂನಿನ ಗಂಧಗಾಳಿಯೂ ನನಗೆ ಗೊತ್ತಿರಲಿಲ್ಲ. ಆದರೂ ನಿಮ್ಮ ವೃತ್ತಿಯಲ್ಲಿ ಮರೆಯಲಾಗದ ಕೇಸು ಯಾವುದು ಅಂತ ಯಾರಾದರೂ ಕೇಳಿದರೆ ನಾನು ಹೇಳುವುದು ಒಂದು ಟೆಲಿಫೋನ್ ಪ್ರಕರಣವನ್ನೇ. ಅದು ಕೋರ್ಟಿನ ಮೆಟ್ಟಿಲು ಹತ್ತಲೇ ಇಲ್ಲ.

ಮೊದಲು ನನ್ನ ಹೆಸರಿನ ವಿಚಾರ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಬೇರೆಯವರು ಹೇಳುತ್ತಾರೆ. ಬಾರಿನಲ್ಲಿ ನನ್ನನ್ನು ಕರೆಯುವುದು ‘ವಾಯ್ದೆ ರಂಗಪ್ಪ’ ಅಂತ. ವಾಯ್ದೆ ಅಂದರೆ ಕೇಸಿಗೆ ಕೊಡುವ ತಾರೀಖು. ಇವತ್ತು ಆಗದಿದ್ದರೆ ಮುಂದಿನ ವಾಯ್ದೆ, ಅವತ್ತೂ ಆಗದಿದ್ದರೆ ಅದರ ಮುಂದಿನದು. ಸಾಕ್ಷಿಗೆ ಹುಷಾರಿಲ್ಲ, ನಕಲು ಬಂದಿಲ್ಲ, ಸೀನಿಯರ್ ಊರಲ್ಲಿಲ್ಲ, ಇಂಥ ಕಾರಣಗಳನ್ನು ಮುಖದಲ್ಲಿ ಒಂದು ಗೆರೆಯೂ ಅಲ್ಲಾಡದಂತೆ ಹೇಳುವುದರಲ್ಲಿ ನನ್ನನ್ನು ಮೀರಿಸುವವರು ನಾಲ್ಕು ತಾಲ್ಲೂಕಿನಲ್ಲಿ ಇರಲಿಲ್ಲ. ನಾನು ಎದ್ದು ನಿಂತರೆ ಸಾಕು, ಎದುರು ವಕೀಲರು ಫೈಲಿನ ದಾರ ಕಟ್ಟೋಕೆ ಶುರು ಮಾಡುತ್ತಿದ್ದರು.

ವಾಯ್ದೆ ಕೇಳುವುದು ಮೋಸ ಅಂತ ಜನ ತಿಳಿದಿದ್ದಾರೆ. ಶುದ್ಧ ತಪ್ಪು! ಅಣ್ಣತಮ್ಮಂದಿರ ಸಿಟ್ಟು ಇಳಿಸೋಕೆ ವಾಯ್ದೆಯಷ್ಟು ಒಳ್ಳೆ ಮದ್ದು ಇನ್ನೊಂದಿಲ್ಲ. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಅಂತಾರಲ್ಲ, ತೀರ್ಪು ಬರುವ ಮುಂಚೆಯೇ ಇಬ್ಬರೂ ಸುಸ್ತಾಗಿ ರಾಜಿಯಾದರೆ ಇಬ್ಬರೂ ಉಳಿಯುತ್ತಾರೆ. ಈ ವಾದವನ್ನು ನಾನು ಇವತ್ತಿಗೂ ಬಿಟ್ಟಿಲ್ಲ. ಆದರೆ ಅದಕ್ಕೆ ಒಂದು ಮಿತಿಯಿದೆ ಅನ್ನುವುದನ್ನು ನನಗೆ ಕಲಿಸಿದವರು ಅಂಜಿನಮ್ಮ.

ಅಂಜಿನಮ್ಮ ಪಾವಗಡ ತಾಲ್ಲೂಕಿನ ನಿಡುಗಲ್ ಹೋಬಳಿಯವರು. ಬೆಟ್ಟದ ಆಚೆ ಮಗ್ಗುಲಿನ ಒಂದು ಸಣ್ಣ ಊರಲ್ಲಿ ಆಶಾ ಕಾರ್ಯಕರ್ತೆ. ಬಸುರಿಯರನ್ನು ಆಸ್ಪತ್ರೆಗೆ ಸೇರಿಸುವುದು, ಮಕ್ಕಳಿಗೆ ಲಸಿಕೆ ಹಾಕಿಸುವುದು ಅವರ ಕೆಲಸ. ತವರಿನ ಜಮೀನಿನ ಭಾಗದ ಅಪೀಲು ಮಧುಗಿರಿಯಲ್ಲಿ ನಡೆಯುತ್ತಿತ್ತು, ಅದಕ್ಕೆ ನಾನು ವಕೀಲ. ಪ್ರತಿ ವಾಯ್ದೆಗೂ ಬಸ್ಸು ಹಿಡಿದು ಬರುತ್ತಿದ್ದರು. ಒಂದು ದಿನ ಯಥಾಪ್ರಕಾರ ಮುಂದಿನ ತಾರೀಖು ಬರೆಸಿಕೊಂಡ ಮೇಲೂ ಎದ್ದು ಹೋಗಲಿಲ್ಲ. ಕುರ್ಚಿಯ ತುದಿಯಲ್ಲೇ ಕೂತಿದ್ದರು.

"ಸಾರ್, ಫೋನಿನ ಮ್ಯಾಲೆ ಕೇಸ್ ಹಾಕ್ಬೋದಾ?"

"ಫೋನು ಏನಮ್ಮ ಮಾಡ್ತು ನಿಮಗೆ?"

"ಮಾಡೋದೇನು ಸಾರ್, ನಾನು ಮನೇಲೇ ಇರ್ತೀನಿ. ಅದು ಮಾತ್ರ ಆಂಧ್ರದಾಗೆ ಇರ್ತೈತೆ."

ಪಾವಗಡದ ನಕ್ಷೆ ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಸುತ್ತ ಮೂರು ಕಡೆ ಆಂಧ್ರ. ಮೊಬೈಲಿಗೆ ರಾಜ್ಯದ ಗಡಿ ಗೊತ್ತಿಲ್ಲ, ಯಾವ ಟವರಿನ ಸಿಗ್ನಲ್ ಜೋರಾಗಿದೆಯೋ ಅದನ್ನು ಹಿಡಿಯುತ್ತದೆ. ನೆಂಟರ ಜೊತೆ ಮಾತಾಡೋಕೆ ಯಾವ ಟವರಾದರೇನು? ಆದರೆ ಆಂಬುಲೆನ್ಸಿನ ನಂಬರ್ ಒತ್ತಿದರೆ ಕತೆ ಬೇರೆ. ಟವರು ಯಾವ ರಾಜ್ಯದ್ದೋ ಆ ರಾಜ್ಯದ ಕಂಟ್ರೋಲ್ ರೂಮಿಗೆ ಕರೆ ಹೋಗುತ್ತದೆ. ಅಂಜಿನಮ್ಮನ ದೊಡ್ಡ ಮಗಳಿಗೆ ಹೆರಿಗೆ ನೋವು ಬಂದಾಗ ಆದದ್ದು ಇದೇ.

ಅತ್ತ ಕರೆ ತಗೊಂಡ ಹುಡುಗ ಬಹಳ ಮರ್ಯಾದೆಯಿಂದಲೇ "ಏ ಮಂಡಲಂ ಅಮ್ಮಾ?" ಅಂತ ಕೇಳಿದನಂತೆ, ಯಾವ ಮಂಡಲ ಅಂತ. ಆಂಧ್ರದಲ್ಲಿ ಊರುಗಳನ್ನು ಮಂಡಲಗಳಾಗಿ ವಿಂಗಡಿಸಿದ್ದಾರೆ, ನಮ್ಮಲ್ಲಿ ಹೋಬಳಿಗಳಾಗಿ. ಅಂಜಿನಮ್ಮನಿಗೆ ತೆಲುಗು ಕನ್ನಡದಷ್ಟೇ ಸಲೀಸು. "ಮಂಡಲಂ ಲೇದು ಸಾರ್, ನಿಡುಗಲ್ ಹೋಬಳಿ" ಅಂದರು. ಅವನ ಕಂಪ್ಯೂಟರಿನಲ್ಲಿ ಮಂಡಲ ಇಲ್ಲದ ಊರೇ ಇಲ್ಲ! ಪಾಪ, ಅವನೂ ಮತ್ತೆ ಮತ್ತೆ ಕೇಳಿದ, ಇವರೂ ಮತ್ತೆ ಮತ್ತೆ ಹೇಳಿದರು. ಕೊನೆಗೆ ಆ ಕರೆ ನಮ್ಮ ಕಡೆಗೆ ವರ್ಗವಾಗುವ ಹೊತ್ತಿಗೆ ಮಗಳು ಕಡಲೆಕಾಯಿ ತುಂಬಿದ್ದ ಟೆಂಪೊ ಹತ್ತಿಯಾಗಿತ್ತು. ಪಾವಗಡ ಸೇರುವ ಮುಂಚೆಯೇ ಮೂಟೆಗಳ ಮೇಲೆ ಗಂಡು ಮಗು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು, ಅದು ದೇವರ ದಯೆ. ಊರವರೆಲ್ಲ ಆ ಮಗುವನ್ನು ‘ಕಡ್ಲೆಕಾಯಿ’ ಅಂತಲೇ ಕರೆಯುತ್ತಾರೆ.

ನಾನು ನಕ್ಕೆ. ಅಂಜಿನಮ್ಮ ನಗಲಿಲ್ಲ.

"ದೊಡ್ಡೋಳ್ದು ಹೆಂಗೋ ಆಗೋಯ್ತು ಸಾರ್. ಚಿಕ್ಕೋಳ್ನ ಮೊನ್ನೆ ನಮ್ಮೂರಿಗೇ ಕೊಟ್ಟು ಮದ್ವೆ ಮಾಡಿದೀನಿ. ನಾಳೆ ಅವ್ಳಿಗೆ ನೋವು ಬಂದ್ರೆ ನಾನು ಮಂಡಲ ಎಲ್ಲಿಂದ ತರ್ಲಿ?"

ಇದಕ್ಕೆ ಉತ್ತರ ಹುಡುಕಿದ್ದು ನನ್ನ ಜೂನಿಯರ್ ನಸೀಮಾ. ಸಿರಾದ ಹುಡುಗಿ, ಬಾಯಿ ಜೋರು, ಕಂಪ್ಯೂಟರಿನಲ್ಲಿ ನನಗಿಂತ ನೂರು ಪಾಲು ಮೇಲು. ಎರಡು ದಿನ ಬಿಟ್ಟು ಬೆಳಿಗ್ಗೆ ಚೇಂಬರಿಗೆ ಬಂದವಳೇ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದಳು.

ಟೆಲಿಫೋನ್ ಕಂಪನಿಗಳ ಮೇಲೆ ಕಣ್ಣಿಡುವ ಪ್ರಾಧಿಕಾರ ದೆಹಲಿಯಲ್ಲಿದೆ. ಅದು ಹೊಸ ನಿಯಮ ಮಾಡುವ ಮುಂಚೆ ಒಂದು ಸಮಾಲೋಚನಾ ಪತ್ರ ಹೊರಡಿಸುತ್ತದೆ. ‘ನಾವು ಹೀಗೆ ಮಾಡಬೇಕು ಅಂತಿದ್ದೇವೆ, ನೀವೇನಂತೀರಿ?’ ಅಂತ ಎಲ್ಲರನ್ನೂ ಕೇಳುವ ಪತ್ರ. ಕಂಪನಿಗಳೂ ಉತ್ತರ ಕೊಡಬಹುದು, ನಿಮ್ಮಂಥ ನನ್ನಂಥವರೂ ಕೊಡಬಹುದು, ಅದಕ್ಕೆ ಒಂದು ಕೊನೆಯ ದಿನ ಇರುತ್ತದೆ. ಆಮೇಲೆ ಒಬ್ಬರ ಅಭಿಪ್ರಾಯಕ್ಕೆ ಇನ್ನೊಬ್ಬರ ಪ್ರತಿಕ್ರಿಯೆ, ಕಡೆಗೆ ಎಲ್ಲರನ್ನೂ ಸೇರಿಸಿ ಒಂದು ಬಹಿರಂಗ ಚರ್ಚೆ. ನಸೀಮಾ ತೋರಿಸಿದ ಪತ್ರ ಇದ್ದದ್ದು ರಾಜ್ಯಗಳ ಗಡಿಯಲ್ಲಿ ತುರ್ತು ಕರೆಗಳನ್ನು ಸರಿಯಾದ ಕಡೆಗೆ ಕಳಿಸುವುದು ಹೇಗೆ ಅನ್ನುವುದರ ಮೇಲೆ! ಕೆಲವು ಗಡಿ ಪ್ರದೇಶಗಳಲ್ಲಿ ಮೊದಲು ಪ್ರಯೋಗ ಮಾಡುತ್ತೇವೆ, ಯಾವ ಊರಿನಿಂದ ಆಧಾರ ಸಮೇತ ತೊಂದರೆಯ ವಿವರ ಬರುತ್ತದೋ ಅದಕ್ಕೆ ಆದ್ಯತೆ ಅಂತಲೂ ಬರೆದಿತ್ತು. ಅಂಜಿನಮ್ಮನಿಗಾಗಿಯೇ ಬರೆದಂತಿತ್ತು.

"ಕೊನೇ ದಿನ ಯಾವತ್ತು?" ಅಂದೆ.

"ಆಗ್ಲೇ ಮುಗಿದಿತ್ತು ಸರ್. ಕಂಪನಿಗಳು ಟೈಮ್ ಸಾಲದು ಅಂತ ಬರೆದ್ರು, ಮುಂದೆ ಹಾಕಿದ್ರು. ಮತ್ತೆ ಬರೆದ್ರು, ಮತ್ತೆ ಹಾಕಿದ್ರು. ಅಲ್ಲೂ ನಿಮ್ಮಂಥೋರು ಇದಾರೆ."

ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಅಲೆಲೆ, ದೆಹಲಿಯಲ್ಲೂ ವಾಯ್ದೆ! ಕಂಪನಿಗಳ ಕಾಗದಗಳನ್ನು ಓದಿಸಿ ಕೇಳಿದೆ. ‘ವಿಷಯದ ಸಂಕೀರ್ಣತೆಯ ದೃಷ್ಟಿಯಿಂದ’, ‘ಆಂತರಿಕ ಸಮಾಲೋಚನೆ ನಡೆಯುತ್ತಿರುವುದರಿಂದ’. ಎಲ್ಲಾ ನಮ್ಮ ಹಳೇ ಪಟ್ಟುಗಳೇ, ಇಂಗ್ಲಿಷಿನಲ್ಲಿ ಕೋಟು ಟೈ ಹಾಕಿಕೊಂಡು ನಿಂತಿದ್ದವು. ಹೊಸ ಕೊನೆಯ ದಿನ ಮುಂದಿನ ಸೋಮವಾರ. ಇನ್ನು ಮೇಲೆ ಕಾಲಾವಕಾಶ ಕೊಡುವುದಿಲ್ಲ ಅಂತ ಕೆಳಗೆ ದಪ್ಪಕ್ಷರದಲ್ಲಿತ್ತು. ಅದನ್ನೂ ನಮ್ಮ ಕೋರ್ಟುಗಳಲ್ಲಿ ಕೇಳಿದ್ದೇನೆ ಬಿಡಿ.

ತಕ್ಷಣ ಅಂಜಿನಮ್ಮನಿಗೆ ಫೋನ್ ಮಾಡಿದೆ. ಲೈನು ಕರಕರ ಅನ್ನುತ್ತಿತ್ತು. "ಅಂಜಿನಮ್ಮ, ದೆಹಲೀಲಿ ನಿಮ್ಮ ಫೋನಿನ ವಿಚಾರ ನಡೀತಿದೆ. ಸೋಮವಾರ ಕಡೇ ವಾಯ್ದೆ ಕಣಮ್ಮ, ತಪ್ಪಿಸಬೇಡಿ. ಊರವರದೆಲ್ಲ ಬೇಕು. ಏನೇನು ಅಂತ ನಸೀಮಾ ಮೆಸೇಜ್ ಹಾಕ್ತಾಳೆ."

"ಆಯ್ತು ಸಾರ್, ಬತ್ತೀವಿ" ಅಂದರು. ಲೈನು ಕಟ್ಟಾಯಿತು.

ಬತ್ತೀವಿ! ನಮ್ಮ ಕಡೆ ಫೋನ್ ಇಡುವಾಗ ಎಲ್ಲರೂ ಅನ್ನುವ ಮಾತು ಅದು. ಯಾರಾದರೂ ಅದಕ್ಕೆ ಅರ್ಥ ಹುಡುಕುತ್ತಾರೆಯೇ? ನಾನೂ ಹುಡುಕಲಿಲ್ಲ. ನಸೀಮಾ ಮೆಸೇಜ್ ಕಳಿಸಿದಳು. ಪ್ರತಿಯೊಬ್ಬರೂ ತಮ್ಮ ಮನೆಯ ಮುಂದೆ ನಿಂತು ಫೋನ್ ಯಾವ ಟವರು ಹಿಡಿದಿದೆ ಅನ್ನುವುದರ ಫೋಟೊ ಕಳಿಸಬೇಕು, ಹಿಂದೆ ಕರೆ ತಪ್ಪಿಹೋಗಿದ್ದರೆ ಎರಡು ಸಾಲು ಬರೆಯಬೇಕು, ಇಷ್ಟೇ. ಆ ಮೆಸೇಜನ್ನು ಓದಲು ಅಂಜಿನಮ್ಮನಿಗೆ ಪುರುಸೊತ್ತು ಇರಲಿಲ್ಲ. ಅವರು ಜನ ಕೂಡಿಸುತ್ತಿದ್ದರು.

ಸೋಮವಾರ ನಾನು ಕೋರ್ಟಿನ ಆವರಣಕ್ಕೆ ಕಾಲಿಡುತ್ತೇನೆ, ಬೇವಿನ ಮರದ ಕೆಳಗೆ ಒಂದು ಊರೇ ನಿಂತಿದೆ. ಗಂಡಸರು ಇಸ್ತ್ರಿ ಶರ್ಟು, ಹೆಂಗಸರು ಮದುವೆಗೆ ಉಡುವ ಸೀರೆ. ಎಲ್ಲರ ಕೈಯಲ್ಲೂ ವೋಟರ್ ಕಾರ್ಡು. ದಿಬ್ಬಣಕ್ಕೆ ಹಿಡಿಯುವ ಮಿನಿ ಬಸ್ಸು ಗೇಟಿನ ಹೊರಗೆ. ದೊಡ್ಡ ಮಗಳ ಕಂಕುಳಲ್ಲಿ ಕಡ್ಲೆಕಾಯಿ ಕೂಡ ಹಾಜರ್.

ಅಂಜಿನಮ್ಮ ಮುಂದೆ ಬಂದರು. "ಯಾವ ಕೋರ್ಟ್ ಹಾಲು ಸಾರ್? ಹೆಸ್ರು ಕೂಗ್ತಾರಾ, ನಾವೇ ಒಳಿಕ್ಕೆ ಹೋಗ್ಬೇಕಾ?"

"ಅಯ್ಯೋ ನನ್ನ ಕರ್ಮವೇ! ಇಲ್ಲಿಗೆ ಯಾಕಮ್ಮ ಬಂದ್ರಿ? ಇದು ದೆಹಲಿಗೆ ಕಂಪ್ಯೂಟರಲ್ಲಿ ಕಳಿಸೋದು!"

"ನೀವೇ ಯೋಳಿದ್ರಲ್ಲ ಸಾರ್, ಕಡೇ ವಾಯ್ದೆ ಅಂತ. ಕಡೇ ವಾಯ್ದೆಗೆ ಪಾರ್ಟಿ ಹಾಜರಿಲ್ದಿದ್ರೆ ಕೇಸ್ ಹೊಡ್ದಾಕ್ತಾರೆ ಅಂತ್ಲೂ ನೀವೇ ಯೋಳಿದ್ದು. ಅದ್ಕೇ ಬಂದ್ಬುಟ್ವಿ."

ಆಕೆ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ದೆಹಲಿಯವರು ‘ಕಾಲಾವಧಿ ವಿಸ್ತರಣೆ’ ಅಂದದ್ದನ್ನು ವಾಯ್ದೆ ಅಂತ ಅನುವಾದ ಮಾಡಿದ್ದು ನಾನೇ, ವಾಯ್ದೆ ಅಂದರೆ ಬಂದು ನಿಲ್ಲಬೇಕು ಅಂತ ವರ್ಷಗಟ್ಟಲೆ ಪಾಠ ಮಾಡಿದವನೂ ನಾನೇ.

ನಸೀಮಾ ಫೋನುಗಳನ್ನು ಒಂದೊಂದಾಗಿ ಇಸಿದುಕೊಂಡು ನೋಡಿದಳು. ಮಧುಗಿರಿ ಬೆಟ್ಟದ ಕೆಳಗೆ ಎಲ್ಲವೂ ಸಾಚಾ ಕರ್ನಾಟಕದ ಟವರನ್ನೇ ಹಿಡಿದು ಕೂತಿದ್ದವು. ಆಧಾರ ಬೇಕಾದದ್ದು ಅವರ ಊರಿನಲ್ಲಿ, ಜನ ಇರುವುದು ಇಲ್ಲಿ, ಕೊನೆಯ ದಿನ ಇವತ್ತು.

ಸಮಾಲೋಚನಾ ಪತ್ರದ ಕೆಳಗೆ ಒಬ್ಬ ಅಧಿಕಾರಿಯ ನಂಬರಿತ್ತು. ನಸೀಮಾ ಹಿಂದಿಯಲ್ಲಿ ಮಾತಾಡಿದಳು. ಆತ ಒಳ್ಳೆಯವನೇ. ಕಂಪನಿಗಳು ಮೂರನೇ ಸಲವೂ ಸಮಯ ಕೇಳಿವೆ, ಕೊಡುವುದಿಲ್ಲ ಅಂತಲೇ ಇದ್ದೇವೆ, ಆದರೆ ಸಾರ್ವಜನಿಕರಿಂದಲೂ ಮನವಿ ಬಂದರೆ ಎಲ್ಲರಿಗೂ ಸೇರಿ ಇನ್ನೊಂದಷ್ಟು ಸಮಯ ಕೊಡುವ ಬಗ್ಗೆ ಯೋಚಿಸಬಹುದು ಅಂದನಂತೆ.

ನನಗೆ ಹೋದ ಜೀವ ಬಂದ ಹಾಗಾಯಿತು. "ನೋಡಿದ್ರಾ! ಕೂತ್ಕೊಳ್ಳಿ ಎಲ್ಲಾ, ಕಾಫಿ ತರಿಸ್ತೀನಿ. ಒಂದು ವಾಯ್ದೆ ಕೇಳಿಬಿಡೋಣ" ಅಂತ ಪೆನ್ನು ತೆಗೆದೆ. ಇಂಥ ಅರ್ಜಿ ನನಗೆ ನಿದ್ದೆಯಲ್ಲೂ ಬರುತ್ತದೆ. ‘ಗಡಿ ಗ್ರಾಮಗಳ ಭೌಗೋಳಿಕ ಪರಿಸ್ಥಿತಿಯ ದೃಷ್ಟಿಯಿಂದ’ ಅನ್ನುವವರೆಗೆ ಬರೆದಿದ್ದೆ.

"ಕೇಳುದ್ರೆ ಕಂಪ್ನಿಯೋರ್ಗೂ ಸಿಗ್ತೈತಾ ಸಾರ್?" ಅಂದರು ಅಂಜಿನಮ್ಮ.

"ಸಿಗುತ್ತೆ. ಎಲ್ಲರಿಗೂ ಒಂದೇ."

"ಆಮ್ಯಾಲೆ ಅವ್ರು ಇನ್ನೊಂದು ಕೇಳ್ತಾರಾ?"

ಅವರ ತವರಿನ ಅಪೀಲಿನಲ್ಲಿ ಎದುರು ಪಾರ್ಟಿ ಎಷ್ಟು ಕೇಳಿದೆ, ನಾನು ಎಷ್ಟು ಕೇಳಿದ್ದೇನೆ, ಅದೆಲ್ಲ ಆಕೆಗೆ ಬಾಯಿಪಾಠ. ಒಂದು ವಾಯ್ದೆ ಇನ್ನೊಂದರ ಬಾಲ ಹಿಡಿದು ಬರುತ್ತದೆ, ಹೀಗೇ ಬಂದು ಬಂದು ಕೇಸು ತಾನಾಗಿ ಸಾಯುತ್ತದೆ ಅನ್ನುವುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಬ್ಯಾಡಿ ಸಾರ್" ಅಂದರು ಆಕೆ. "ಜಮೀನು ಎಲ್ಲೂ ಎದ್ದೋಗಲ್ಲ, ಕಾಯ್ತೈತೆ. ಹೆರಿಗೆ ನೋವಿಗೆ ಯಾರು ಸಾರ್ ವಾಯ್ದೆ ಕೊಡ್ತಾರೆ?"

ಬೇವಿನ ಮರದ ಕೆಳಗೆ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು ಪೆನ್ನಿನ ಕ್ಯಾಪು ಹಾಕಿದೆ. ಬರೆದ ಹಾಳೆ ಮಡಚಿ ಜೇಬಿಗೆ ತುರುಕಿದೆ. "ಬಸ್ ಸ್ಟಾರ್ಟ್ ಮಾಡ್ಸಿ. ನಿಮ್ಮೂರಿಗೆ ನಾವೇ ಬರ್ತೀವಿ" ಅಂದೆ. ವೃತ್ತಿಯಲ್ಲಿ ಮೊದಲ ಸಲ, ಸಿಗುವ ವಾಯ್ದೆಯನ್ನು ಬೇಡ ಅಂದಿದ್ದೆ. ಮಧ್ಯಾಹ್ನ ಇದ್ದ ನನ್ನ ಇನ್ನೊಂದು ಕೇಸಿಗೆ ಮಾತ್ರ ಪಕ್ಕದ ವಕೀಲರಿಗೆ ಹೇಳಿ ವಾಯ್ದೆ ಹಾಕಿಸಿದೆ. ಅಭ್ಯಾಸಬಲ, ಏನು ಮಾಡೋಣ!

ಬಸ್ಸಿನಲ್ಲಿ ಬುತ್ತಿ ಬಿಚ್ಚಿದರು. ರೊಟ್ಟಿ, ಕಡಲೆಕಾಯಿ ಚಟ್ನಿ. ಮಿಡಿಗೇಶಿ ದಾಟುವಷ್ಟರಲ್ಲಿ ನನಗೂ ನಸೀಮಾಗೂ ಬೇಡ ಬೇಡ ಅಂದರೂ ತಿನ್ನಿಸಿದ್ದರು. ನಾನು ಇನ್ನೂ ಗೊಣಗುತ್ತಿದ್ದೆ. ಒಂದು ಮಾತು ಫೋನಿನಲ್ಲಿ ಸರಿಯಾಗಿ ಕೇಳಿಸಿಕೊಂಡಿದ್ದರೆ ಈ ಓಡಾಟ ಇತ್ತೇ ಅಂತ.

ನಸೀಮಾ ಕಿಟಕಿಯಿಂದ ಮುಖ ತಿರುಗಿಸಿದಳು. "ಸರ್, ಅವರು ತಪ್ಪು ಕೇಳಿಸಿಕೊಂಡಿಲ್ಲ. ವಾಯ್ದೆ ನಮ್ಮ ಉರ್ದು ಮಾತು, ಕನ್ನಡಕ್ಕೆ ಆಮೇಲೆ ಬಂದಿದ್ದು. ನಮ್ಮನೇಲಿ ವಾಯ್ದಾ ಅಂದ್ರೆ ತಾರೀಖಲ್ಲ, ಕೊಟ್ಟ ಮಾತು. ವಾಯ್ದಾ ಮಾಡಿದ್ರೆ ಬರಲೇಬೇಕು. ಅವರು ಬಂದಿದಾರೆ, ಅಷ್ಟೇ."

ಇಷ್ಟು ವರ್ಷ ನಾನು ತಿರುಗಿಸಿ ಮುರುಗಿಸಿ ಬಳಸಿದ ಪದ. ಅದರ ಹೊಟ್ಟೆಯಲ್ಲಿ ಇಂಥದ್ದೊಂದು ಇತ್ತು ಅಂತ ನನಗೆ ಯಾರೂ ಹೇಳಿರಲಿಲ್ಲ. ನಾನು ಇನ್ನೊಂದು ರೊಟ್ಟಿ ಕೇಳಿ ಇಸಿದುಕೊಂಡೆ.

ಊರು ಮುಟ್ಟಿದ ಮೇಲೆ ಕೆಲಸ ಮದುವೆ ಮನೆಯಂತೆ ಸಾಗಿತು. ಟವರು ಯಾವುದು ಅಂತ ತೋರಿಸುವ ಒಂದು ಆ್ಯಪನ್ನು ನಸೀಮಾ ಒಬ್ಬೊಬ್ಬರ ಫೋನಿಗೂ ಹಾಕಿಕೊಟ್ಟಳು. ಮನೆಗಳ ಬಾಗಿಲಲ್ಲಿ, ನೀರಿನ ಟ್ಯಾಂಕಿನ ಹತ್ತಿರ, ಊರ ಹೆಸರು ಬರೆದ ಶಾಲೆ ಗೋಡೆಯ ಮುಂದೆ ಜನ ಫೋನ್ ಎತ್ತಿ ಹಿಡಿದು ನಿಂತರು. ಗೋಡೆಯ ಮೇಲೆ ಪಾವಗಡ ತಾಲ್ಲೂಕು, ಫೋನಿನ ಒಳಗೆ ಆಂಧ್ರ. ಒಬ್ಬ ತಾತ ತನ್ನ ಫೋನನ್ನು ತಿರಸ್ಕಾರದಿಂದ ನೋಡಿ, "ದೀನಿಕಿ ತಿಂಡಿ ಪೆಟ್ಟೇದಿ ಮೇಮು, ಪೋಯಿ ಪಡುಕೊನೇದಿ ಆಡ" ಅಂದ. ಕೂಳು ಹಾಕೋರು ನಾವು, ಇದು ಹೋಗಿ ಮಲಗೋದು ಅಲ್ಲಿ ಅಂತ. ಸುತ್ತ ಇದ್ದವರು ಬಿದ್ದು ಬಿದ್ದು ನಕ್ಕರು. ಆ ಮಾತನ್ನು ಅಭಿಪ್ರಾಯಪತ್ರದಲ್ಲಿ ಸೇರಿಸಬೇಕು ಅಂತ ನಾನು ಹಟ ಹಿಡಿದೆ, ನಸೀಮಾ ಬಿಡಲಿಲ್ಲ.

ಕರೆ ದಾರಿ ತಪ್ಪಿದ ಅನುಭವ ಅಂಜಿನಮ್ಮನದೊಂದೇ ಆಗಿರಲಿಲ್ಲ. ಹಾವು ಕಚ್ಚಿದವರು, ಬೈಕಿನಿಂದ ಬಿದ್ದವರು, ಎದೆನೋವು ಬಂದವರು, ಎಲ್ಲರಿಗೂ ಅದೇ ‘ಏ ಮಂಡಲಂ?’ ಆಗಿತ್ತು. ಒಬ್ಬೊಬ್ಬರಾಗಿ ಶಾಲೆಯ ಜಗಲಿಯಲ್ಲಿ ಕೂತು ಹೇಳಿದರು, ನಾನು ಬರೆದೆ, ನಸೀಮಾ ಇಂಗ್ಲಿಷಿಗೆ ತಿರುಗಿಸಿದಳು. ಕೊನೆಯಲ್ಲಿ ನಾನು ಒಂದು ಪ್ಯಾರಾ ಸೇರಿಸಿದೆ. ‘ಈ ಪ್ರಕರಣದಲ್ಲಿ ಯಾವ ಪಕ್ಷಕ್ಕೂ ಇನ್ನು ಮುಂದೆ ಕಾಲಾವಕಾಶ ನೀಡಬಾರದಾಗಿ ಪ್ರಾರ್ಥನೆ.’

ಅದನ್ನು ಟೈಪ್ ಮಾಡುತ್ತಾ ನಸೀಮಾ ಎರಡು ಸಲ ನಿಲ್ಲಿಸಿ ನಕ್ಕಳು. "ಸರ್, ಇದಕ್ಕೆ ಫ್ರೇಮ್ ಹಾಕಿಸಿ ಬಾರ್ ರೂಮಲ್ಲಿ ನೇತು ಹಾಕ್ತೀನಿ."

"ಹಾಕಮ್ಮ. ಕೆಳಗೆ ಸಹಿನೂ ಮಾಡ್ಕೊಡ್ತೀನಿ."

ನಿಡುಗಲ್ ಬೆಟ್ಟದ ತಲೆಯ ಮೇಲೆ ಇನ್ನೂ ಬಿಸಿಲಿದ್ದಾಗಲೇ ಈಮೇಲ್ ಹೋಯಿತು. ಹೋದದ್ದು ಆಂಧ್ರದ ಟವರಿನ ಮೂಲಕವೇ! ಅದರ ಮೇಲಿನ ದೂರನ್ನು ಅದೇ ಹೊತ್ತುಕೊಂಡು ಹೋಗಿ ದೆಹಲಿಗೆ ಮುಟ್ಟಿಸಿತು. ಊರವರಿಗೆ ಇದು ಈಗಲೂ ದೊಡ್ಡ ತಮಾಷೆ.

ಕಂಪನಿಗಳು ಕೇಳಿದ ಮೂರನೇ ವಿಸ್ತರಣೆಯನ್ನು ಪ್ರಾಧಿಕಾರ ಕೊಡಲಿಲ್ಲ. ಬಂದ ಅಭಿಪ್ರಾಯಗಳ ಮೇಲೆಯೇ ಮುಂದುವರಿಯಿತು. ಬಹಿರಂಗ ಚರ್ಚೆ ಆನ್‌ಲೈನ್‌ನಲ್ಲಿ ನಡೆಯಿತು, ನನ್ನ ಚೇಂಬರಿನಿಂದ ಅಂಜಿನಮ್ಮ ಮಾತಾಡಿದರು. ಕಂಪನಿಯ ಪರವಾಗಿ ಒಬ್ಬರು, ಇದಕ್ಕೆ ಬಹಳ ಟವರುಗಳ ಲೆಕ್ಕ ಸರಿಮಾಡಬೇಕಾಗುತ್ತದೆ, ಸಮಯ ಹಿಡಿಯುತ್ತದೆ ಅಂದರು. ಅದು ಸುಳ್ಳಲ್ಲ, ಅವರ ಕಷ್ಟ ಅವರಿಗೆ. ಅಂಜಿನಮ್ಮ ಬೇವಿನ ಮರದ ಕೆಳಗೆ ಕೇಳಿದ ಹೆರಿಗೆ ನೋವಿನ ಪ್ರಶ್ನೆಯನ್ನೇ ಮತ್ತೆ ಕೇಳಿದರು, ನಸೀಮಾ ಹಿಂದಿಗೆ ತಿರುಗಿಸಿದಳು. ಕೆಲವು ತಿಂಗಳ ನಂತರ ಪ್ರಯೋಗಕ್ಕೆ ಆರಿಸಿದ ಗಡಿ ಪ್ರದೇಶಗಳಲ್ಲಿ ನಿಡುಗಲ್ ಹೋಬಳಿಯೂ ಇತ್ತು. ಗಡಿಯ ಆಚೆ ನಮ್ಮ ಟವರು ಹಿಡಿದು ಒದ್ದಾಡುತ್ತಿದ್ದ ಆಂಧ್ರದ ಕೆಲವು ಊರುಗಳೂ ಇದ್ದವು. ಅವರಿಗೂ ಒಳ್ಳೆಯದಾಯಿತು ಅಂತ ನನಗೆ ಇನ್ನಷ್ಟು ಸಂತೋಷವಾಯಿತು.

ಇದಾದ ಮೇಲೆ ನಾನು ವಾಯ್ದೆ ಕೇಳುವುದನ್ನು ಬಿಟ್ಟುಬಿಟ್ಟೆ ಅಂದರೆ ನೀವು ನಂಬಬೇಡಿ, ಬಾರಿನವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಅಂಜಿನಮ್ಮನ ತವರಿನ ಅಪೀಲು ಈಗಲೂ ನಡೆಯುತ್ತಿದೆ. ಆದರೆ ಒಂದು ಬದಲಾಗಿದೆ. ಎದ್ದು ನಿಂತು ಬಾಯಿ ತೆಗೆಯುವ ಮುಂಚೆ ಒಮ್ಮೆ ಹಿಂದೆ ತಿರುಗಿ ನೋಡುತ್ತೇನೆ. ಕಡೆಯ ಬೆಂಚಿನಲ್ಲಿ ಯಾರು ಕೂತಿದ್ದಾರೆ, ಯಾವ ಬಸ್ಸಿಗೆ ಎದ್ದು ಬಂದಿದ್ದಾರೆ, ಅವರ ವಿಚಾರ ಕಾಯುವಂಥದ್ದೋ ಕಾಯದಂಥದ್ದೋ. ಕಾಯುವಂಥದ್ದಾದರೆ ಕೇಳುತ್ತೇನೆ. ಕಾಯದಂಥದ್ದಾದರೆ, "ನಾವು ಸಿದ್ಧ ಇದ್ದೇವೆ ಸ್ವಾಮಿ" ಅನ್ನುತ್ತೇನೆ. ಆಗ ನ್ಯಾಯಾಧೀಶರೇ ಒಂದು ಕ್ಷಣ ಕನ್ನಡಕ ಸರಿಮಾಡಿಕೊಂಡು ನನ್ನನ್ನು ನೋಡುತ್ತಾರೆ.

ಮರುವರ್ಷ ಒಂದು ಬೆಳಿಗ್ಗೆ ಕೋರ್ಟಿಗೆ ಹೊರಟಿದ್ದೆ, ಅಂಜಿನಮ್ಮನ ಫೋನು ಬಂತು. ಚಿಕ್ಕ ಮಗಳಿಗೆ ಪಾವಗಡದ ಆಸ್ಪತ್ರೆಯಲ್ಲಿ ಹೆಣ್ಣು ಮಗುವಾಗಿದೆ, ಇಬ್ಬರೂ ಚೆನ್ನಾಗಿದ್ದಾರೆ ಅಂದರು. ಆಂಬುಲೆನ್ಸು ಬಂತಾ ಅಂತ ಕೇಳಿದೆ. ಬಂತು ಅಂದರು. ಆಮೇಲೆ ಮಾತೇ ಇಲ್ಲ. ಲೈನು ಕಟ್ಟಾಯಿತೇನೋ ಅಂದುಕೊಂಡೆ. ಇಲ್ಲ, ಆಕೆ ಅಳುತ್ತಿದ್ದರು.

"ಯಾಕಮ್ಮ, ಏನಾಯ್ತು?"

"ಏನಿಲ್ಲ ಸಾರ್" ಅಂದರು ಮೂಗು ಒರೆಸಿಕೊಂಡು. "ಫೋನ್ ಎತ್ತಿದೋನು ಏನ್ ಕೇಳ್ದ ಗೊತ್ತಾ? ‘ಯಾವ ಹೋಬಳಿ ಅಮ್ಮಾ?’ ಅಂದ ಸಾರ್."